ಅರಮನೆಗೆ 15 ನಿಮಿಷ

ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಎರಡು ಫೋಟೊ ಬಿದ್ದವು. ಮಂಗಳೂರಿನ ಎರಡು ಹೋಟೆಲ್. ಒಂದು ಹಂಪನಕಟ್ಟೆ ಹತ್ತಿರ. ಇನ್ನೊಂದು ಊರಾಚೆ, 'ಬೀಚ್ ವ್ಯೂ'. ಕೆಳಗೆ ನಮ್ಮ ನಾದಿನಿಯ ಅಪ್ಪಣೆ: 'ಸಂಜೆಯೊಳಗೆ ಎಲ್ಲರೂ ವೋಟ್ ಮಾಡಿ.'

ಮೈ ಉರಿಯಿತು. ಮೈಸೂರಿಂದ ಬಂದು ಇನ್ನೂ ಹತ್ತು ದಿನ ಆಗಿಲ್ಲ.

ಪೋಸ್ಟಾಫೀಸಿನ ಕೌಂಟರ್ ಬಿಟ್ಟ ಮೇಲೆ ನನಗೆ ಹಿಡಿದಿರುವುದು ನಡೆಯುವ ಹುಚ್ಚೊಂದೇ ಅಂತ ನಿಮಗೆಲ್ಲ ಗೊತ್ತೇ ಇದೆ. ಊರು ನೋಡೋದು ಅಂದರೆ ನನ್ನ ಲೆಕ್ಕ ಸರಳ. ಚಪ್ಪಲಿ ಮೆಟ್ಟಿ ಹೋಟೆಲಿನ ಬಾಗಿಲು ದಾಟಿದರೆ ಊರು ಸಿಗಬೇಕು. ಹೈವೇ ಸಿಗಬಾರದು.

ಮೈಸೂರಿಗೂ ಹೀಗೇ ಎರಡು ಫೋಟೊ ಬಂದಿದ್ದವು. ಒಂದು ಸಯ್ಯಾಜಿ ರಾವ್ ರಸ್ತೆಯಿಂದ ಒಳಗೆ ಹೋದರೆ ಸಿಗುವ ಹಳೇ ಲಾಡ್ಜು. ಕೆಂಪು ರೆಡಾಕ್ಸೈಡ್ ನೆಲ, ಕಿಟಕಿಗೆ ಹಸಿರು ಬಣ್ಣ. ದೇವರಾಜ ಮಾರ್ಕೆಟ್ಟಿಗೂ ಅರಮನೆಗೂ ನಡೆದೇ ಹೋಗಬಹುದು. ಬಾಡಿಗೆ 2,600. ಇನ್ನೊಂದು ರಿಂಗ್ ರೋಡ್ ದಾಟಿ ಇರುವ ಹೊಸ ಹೋಟೆಲು. ಈಜುಕೊಳ, ಬೆಳಗಿನ ತಿಂಡಿ ಸೇರಿ 2,100. 'ಅರಮನೆಗೆ 15 ನಿಮಿಷ' ಅಂತ ಬೇರೆ ಬರೆದಿದ್ದರು. ಯಾವ ಹೊತ್ತಿನ 15 ನಿಮಿಷ? ರಾತ್ರಿ ಎರಡು ಗಂಟೆಗೆ, ನಾಯಿಗಳೂ ಮಲಗಿರುವಾಗಿನದು ಇರಬೇಕು.

ಆದರೆ ಫೋಟೊದಲ್ಲಿ ನೀಲಿ ನೀರಿತ್ತು. ಅಷ್ಟೇ ಸಾಕಾಯಿತು. ಐದು ವೋಟು ಅದಕ್ಕೆ, ಒಂದು ಲಾಡ್ಜಿಗೆ. ಆ ಒಂದು ನನ್ನದು. ಬೆಂಗಳೂರಲ್ಲಿರುವ ನನ್ನ ಮಗ ಟ್ರಿಪ್ಪಿಗೇ ಬರುವವನಲ್ಲ. ಅವನೂ ಈಜುಕೊಳಕ್ಕೆ ವೋಟ್ ಹಾಕಿ ಒಂದು ನಗುವ ಮುಖ ಕಳಿಸಿದ.

ನಾವು ಹೋದದ್ದು ಭಾನುವಾರ. ಬೇಕಂತಲೇ ಭಾನುವಾರ, ಯಾಕಂದರೆ ಅವತ್ತು ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಲಕ್ಷದ ಹತ್ತಿರ ಬಲ್ಬು. ಒಂದು ಗಂಟೆಯೊಳಗೆ ಆರಿಸಿಯೂ ಬಿಡುತ್ತಾರೆ. ನಮ್ಮ ಅತ್ತೆಗೆ 76. ಶಿವಮೊಗ್ಗದಲ್ಲಿ ರೈಲು ಹತ್ತಿದಾಗಿನಿಂದ ಅವರದ್ದು ಒಂದೇ ಮಾತು, 'ಲೈಟು ನೋಡಬೇಕು.' ಸರಿ, ಆರು ಗಂಟೆಗೆ ರೆಡಿಯಾಗಿ ಹೋಟೆಲ್ ಮುಂದೆ ನಿಂತೆವು. ಏಳು ಜನಕ್ಕೆ ಎರಡು ಆಟೊ ಬೇಕು. ಮೊದಲು ಬುಕ್ ಮಾಡಿದವನು ಕ್ಯಾನ್ಸಲ್ ಮಾಡಿದ. ಎರಡನೆಯವನು 'ಅಲ್ಲಿಗಾ?' ಅಂತ ಕೇಳಿ ಫೋನಿಟ್ಟ. ಎರಡೂ ಆಟೊ ಸಿಗುವಾಗ ಆರೂ ಮುಕ್ಕಾಲು. ಆಮೇಲೆ ಟ್ರಾಫಿಕ್. ಊರಿಗೆ ಊರೇ ಲೈಟು ನೋಡೋಕೆ ಹೊರಟಿತ್ತು.

ದೊಡ್ಡ ಗಡಿಯಾರ ಇನ್ನೂ ಸ್ವಲ್ಪ ದೂರ ಇರುವಾಗಲೇ ಆಟೊ ನಿಂತೇ ಬಿಟ್ಟಿತು. 1927ರಲ್ಲಿ ಕಟ್ಟಿದ್ದು, ಕನ್ನಡ ಅಂಕಿಯ ಗಡಿಯಾರ. ಅದರಲ್ಲಿ ಮುಳ್ಳು ಓಡುವುದನ್ನು ನಾನು ಆಟೊದಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದೆ. ಅದರಾಚೆ ಆಕಾಶದಲ್ಲಿ ಬಂಗಾರದ ಬಣ್ಣ ಕಾಣುತ್ತಿತ್ತು. ಅರಮನೆ ಮಾತ್ರ ಕಾಣುತ್ತಿರಲಿಲ್ಲ. 'ಇಳಿದು ನಡೆಯೋಣ ಅತ್ತೆ' ಅಂದೆ. ಜನರ ಮಧ್ಯೆ ಅತ್ತೆಯ ಕೈ ಹಿಡಿದುಕೊಂಡು ಬಲರಾಮ ಗೇಟಿನ ಒಳಗೆ ಕಾಲಿಟ್ಟೆವು. ಎದುರಿಗೆ ಪೂರ್ತಿ ಅರಮನೆ, ಒಂದೊಂದು ಕಮಾನು, ಒಂದೊಂದು ಗುಮ್ಮಟ ಬೆಳಕಿನಲ್ಲಿ ಬರೆದ ಹಾಗೆ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಜನ 'ಹೋ' ಅಂದರು. ಎಲ್ಲ ಕತ್ತಲು.

'ಕರೆಂಟ್ ಹೋಯ್ತೇನೇ?' ಅಂತ ಅತ್ತೆ ಕೇಳಿದರು.

ನಾನು ಏನು ಹೇಳಲಿ. ನಾದಿನಿಯ ಗಂಡ ಆ ಕತ್ತಲಲ್ಲೂ ಸೆಲ್ಫಿಗೆ ಜಾಗ ಹುಡುಕುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ನಜರಬಾದಿನಲ್ಲಿ ಮೈಲಾರಿ ದೋಸೆ ತಿನ್ನಬೇಕು ಅಂತ ನನ್ನ ಪ್ಲಾನು. ಆ ಮೆತ್ತನೆಯ ದೋಸೆ, ಮೇಲೆ ಕರಗುವ ಬೆಣ್ಣೆ. ಆದರೆ ತಿಂಡಿ ಫ್ರೀ ಇದೆಯಲ್ಲ! ಫ್ರೀ ಅನ್ನುವ ಪದಕ್ಕೆ ನಮ್ಮ ಮನೆಯವರು ಸೋಲುವಷ್ಟು ನನಗೂ ಸೋತಿಲ್ಲ. ತಣ್ಣಗಾದ ಇಡ್ಲಿ, ತುದಿ ಒಣಗಿದ ಬ್ರೆಡ್ಡು, ನೀರಿಗೆ ಬಣ್ಣ ಹಾಕಿದ ಜ್ಯೂಸು. ಕೊಟ್ಟ ದುಡ್ಡು ವಸೂಲಾಗಬೇಕು ಅಂತ ಹತ್ತೂವರೆ ತನಕ ಅಲ್ಲೇ ಕೂತರು. ಮಾರ್ಕೆಟ್ಟು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೆಳಿಗ್ಗೆಯೇ ಹೂವಿನ ಸಾಲಿನಲ್ಲಿ ನಿಲ್ಲಬೇಕು ಅಂತ ನಾನು ಆಸೆಪಟ್ಟಿದ್ದೆ. ಒಂದು ಮೊಳ ಮಲ್ಲಿಗೆ, ಅರ್ಧ ಡಜನ್ ರಸಬಾಳೆ ತೆಗೆದುಕೊಳ್ಳುವಷ್ಟರಲ್ಲಿ 'ಅತ್ತಿಗೆ, ಮಕ್ಕಳು ಪೂಲ್ ಟೈಮ್ ನಾಲ್ಕಕ್ಕೆ ಅಂತಿದಾರೆ, ಬೇಗ' ಅಂತ ಫೋನು.

ಇನ್ನು ಆ ಪೂಲಿನ ಕಥೆ. ಫೋಟೊದಲ್ಲಿ ಕೆರೆಯಂತೆ ಕಂಡದ್ದು ನಮ್ಮೂರ ಮದುವೆ ಛತ್ರದ ನೀರಿನ ತೊಟ್ಟಿಗಿಂತ ಎರಡು ಪಟ್ಟು ಇರಬಹುದು. ಗೋಡೆ ಮೇಲೆ ಬೋರ್ಡು: ಕಾಟನ್ ಬಟ್ಟೆಯಲ್ಲಿ ಇಳಿಯುವಂತಿಲ್ಲ. ಈಜುಡುಗೆ ಬೇಕಿದ್ದರೆ ಕೌಂಟರಿನಲ್ಲಿ 450 ರೂಪಾಯಿ. ನಾದಿನಿಯ ಮಕ್ಕಳಿಬ್ಬರೂ ಅತ್ತರು. ಅವರಪ್ಪ ರೇಟು ಕೇಳಿ ಮುಖ ಸಣ್ಣ ಮಾಡಿಕೊಂಡರು. ಕೊನೆಗೆ ಆರು ಜನ ಸುತ್ತಲೂ ಪ್ಯಾಂಟು ಮಡಿಚಿಕೊಂಡು, ಸೀರೆ ಎತ್ತಿಕೊಂಡು ಕಾಲು ಇಳಿಬಿಟ್ಟು ಕೂತೆವು. ಐದು ವೋಟು ಪಡೆದ ಈಜುಕೊಳ, ಹನ್ನೆರಡು ಪಾದಕ್ಕೆ ಉಪಯೋಗವಾಯಿತು.

'ಊರೊಳಗೆ ಗಲಾಟೆ, ಪಾರ್ಕಿಂಗ್ ಇಲ್ಲ' ಅಂತ ನಮ್ಮ ಮನೆಯವರ ವಾದ. ರೀ, ನಾವು ಹೋದದ್ದು ರೈಲಿನಲ್ಲಿ! ಏನನ್ನು ಪಾರ್ಕ್ ಮಾಡುತ್ತಿದ್ದಿರಿ, ಸೂಟ್‌ಕೇಸಾ? ಲಾಡ್ಜಿನಲ್ಲಿ ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಮಾತ್ರ ಅನ್ನುವುದು ನಿಜ. ಒಪ್ಪಿದೆ. ಆದರೆ ಎಂಟು ಗಂಟೆಗೆ ಮಿಂದು ಹೊರಡುವವರಿಗೆ ಹತ್ತು ಗಂಟೆಯ ಬಿಸಿನೀರು ಯಾಕೆ?

ದುಡ್ಡಿನ ಲೆಕ್ಕವನ್ನೂ ಮಾಡಿದೆ. ಕೌಂಟರ್ ಬುದ್ಧಿ ಎಲ್ಲಿ ಹೋಗುತ್ತೆ. ರೂಮಿಗೆ 500 ಉಳಿಯಿತು, ಮೂರು ರೂಮು, ಎರಡು ರಾತ್ರಿ, ಒಟ್ಟು 3,000. ಸ್ಟೇಷನ್ನಿಂದ ಶುರುಮಾಡಿ ಮತ್ತೆ ಸ್ಟೇಷನ್ನಿಗೆ ಬರುವ ತನಕ ಎಂಟು ಸಲ ಓಡಾಟ, ಪ್ರತಿ ಸಲ ಎರಡು ಆಟೊ, ಹತ್ತಿರ ಹತ್ತಿರ 500. ಅಂದರೆ 4,000. ತಪ್ಪನ್ನು ತೆರಿಗೆಯ ಮೇಲೆ ಹಾಕೋಣ ಅಂದರೆ 7,500ರೊಳಗಿನ ರೂಮಿಗೆ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರಿನಲ್ಲೇ ಶೇ 12ರಿಂದ 5ಕ್ಕೆ ಇಳಿಸಿದ್ದಾರೆ. ಈ ಲೆಕ್ಕ ಬರೆದ ಚೀಟಿ ಫ್ರಿಜ್ ಮೇಲೆ ಅಂಟಿಸಿದ್ದೆ. ಯಾರೋ ಅದರ ಹಿಂದೆ ಹಾಲಿನ ಲೆಕ್ಕ ಬರೆದಿದ್ದಾರೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಸೋಮವಾರ ಹೊತ್ತಾಯಿತು ಅಂತ ಝೂವನ್ನು ಮಂಗಳವಾರಕ್ಕೆ ತಳ್ಳಿದರು. ಮಂಗಳವಾರ ಮೈಸೂರು ಝೂಗೆ ವಾರದ ರಜೆ. ನನಗೆ ಅದು ಗೊತ್ತಿತ್ತು. ಹೇಳಲಿಲ್ಲ. ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತಿದ್ದೆ. ಮುಚ್ಚಿದ ಗೇಟಿನ ಮುಂದೆ ನಾದಿನಿಯ ಮುಖ ನೋಡಿದಾಗ ಒಳಗೊಳಗೇ ಖುಷಿಯಾಯಿತು. ಆಮೇಲೆ ಚಿಕ್ಕವನು 'ಜಿರಾಫೆ ಒಳಗೇ ಇದೆಯಾ ಅತ್ತೆ?' ಅಂತ ಕೇಳಿದ. ಅವತ್ತು ರೈಲಿನಲ್ಲಿ ನನ್ನ ಪಾಲಿನ ರಸಬಾಳೆಯನ್ನೂ ಅವನಿಗೇ ಕೊಟ್ಟೆ. ಇನ್ನೊಂದೂ ಹೇಳಿಬಿಡುತ್ತೇನೆ. ಆ ಹೋಟೆಲಿನ ಹಾಸಿಗೆ ಚೆನ್ನಾಗಿತ್ತು. ಬಹಳ ದಿನದ ಮೇಲೆ ಎಚ್ಚರವಾಗದೆ ಏಳು ಗಂಟೆ ತನಕ ಮಲಗಿದ್ದೆ. ಇದನ್ನು ನಮ್ಮ ಮನೆಯವರಿಗೆ ಯಾರೂ ಹೇಳಬೇಡಿ.

ಮಂಗಳೂರಿಗೆ ಈಗ 'ಬೀಚ್ ವ್ಯೂ' ನಾಲ್ಕು ವೋಟಿನಿಂದ ಮುಂದಿದೆ. ಮಗನದ್ದೂ ಸೇರಿ.

ಫೋಟೊಗಳನ್ನು ಅತ್ತೆಗೆ ನನ್ನ ಫೋನಿನಲ್ಲೇ ತೋರಿಸಿದೆ. ಸಮುದ್ರವನ್ನು ಒಂದು ಕ್ಷಣ ನೋಡಿ, 'ಇಲ್ಲಿಂದ ಕದ್ರಿ ದೇವಸ್ಥಾನಕ್ಕೆ ನಡ್ಕೊಂಡು ಹೋಗಬಹುದಾ?' ಅಂದರು. ಅವರಿಗೆ ಗ್ರೂಪಿನಲ್ಲಿ ವೋಟಿಲ್ಲ. ಅವರದ್ದು ಬಟನ್ ಫೋನು.