ಟೀಮ್ ಇಲ್ಲದವನ ವೀಕೆಂಡ್

ಕ್ರೈಟೀರಿಯಮ್ ಅನ್ನುವ ಸೈಕಲ್ ರೇಸಿಗೆ ಒಬ್ಬನೇ ಹೋಗಬಾರದು ಅಂತ ಯಾವ ನಿಯಮವೂ ಇಲ್ಲ. ಹೋದರೆ ಮಾತ್ರ ಎಲ್ಲರ ಪಾಲಿನ ಗಾಳಿಯನ್ನೂ ನಾವೇ ಸೀಳಬೇಕು.

ವಾಹನ ಸಂಚಾರ ತಡೆದ ಒಂದೆರಡು ಕಿಲೋಮೀಟರ್ ರಸ್ತೆ. ಅದನ್ನೇ ಸುತ್ತಬೇಕು. ತಿರುವು ಬಂತು, ಬ್ರೇಕ್. ತಿರುವು ಮುಗಿಯಿತು, ಮತ್ತೆ ಎದ್ದು ನಿಂತು ತುಳಿ. ಮುಂದಿನವನ ಹಿಂಚಕ್ರಕ್ಕೆ ಅಂಟಿಕೊಂಡರೆ ಕಾಲು ಭಾಗದಷ್ಟಾದರೂ ಶ್ರಮ ಉಳಿಯುತ್ತದೆ. ಹಾಗಾಗಿ ನನ್ನ ಹಿಂದೆ ಒಂದೇ ಬಣ್ಣದ ಜೆರ್ಸಿಯವರ ಸಾಲು. ಮೊಣಕೈ ಅಲ್ಲಾಡಿಸಿ 'ಸ್ವಲ್ಪ ಮುಂದೆ ಬನ್ನಿ ಸಾರ್' ಅಂದರೆ ಎಲ್ಲರಿಗೂ ಕಿವುಡು. ಅವರದೇ ಹುಡುಗ ಮುಂದೆ ತಪ್ಪಿಸಿಕೊಂಡು ಹೋಗಿರುವಾಗ ಅವರು ಯಾಕೆ ಅಟ್ಟಿಸಿಕೊಂಡು ಹೋಗುತ್ತಾರೆ, ಅಲ್ವಾ? ಇದರಲ್ಲಿ ಮೋಸವೂ ಇಲ್ಲ, ಆಟವೇ ಹಾಗೆ. ಬೈಯಲೂ ಆಗದ ಉರಿ ಇದು. ಕೊನೆ ಸುತ್ತಿನ ಗಂಟೆ ಹೊಡೆದದ್ದು ಮಾತ್ರ ಆ ಕಿವುಡರಿಗೆ ಚೆನ್ನಾಗಿ ಕೇಳಿಸುತ್ತದೆ!

ಇದಕ್ಕಾಗಿ ಶನಿವಾರ ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಬಸ್ಸು. ಡಿಕ್ಕಿಯಲ್ಲಿ ಮೂಟೆಗಳ ನಡುವೆ ಸೈಕಲ್. ಹಿಂದಿನ ಗೇರನ್ನು ಹಿಡಿದಿಡುವ ಹ್ಯಾಂಗರ್ ಅನ್ನುವ ತುಂಡು ಬಗ್ಗಿದರೆ ರೇಸ್ ಅಲ್ಲಿಗೇ ಮುಗಿಯಿತು. ದಾರಿಯುದ್ದಕ್ಕೂ ನಿದ್ದೆ ಎಲ್ಲಿಂದ ಬರಬೇಕು?

ಊರಿನವರದು ಇನ್ನೊಂದು. 'ಮುಳ್ಳಯ್ಯನಗಿರಿ ಹತ್ತುವವನಿಗೆ ಸಪಾಟು ರಸ್ತೆ ಯಾವ ಲೆಕ್ಕ ಮಾರಾಯ?' 1,930 ಮೀಟರ್ ಎತ್ತರದ ಬೆಟ್ಟಕ್ಕೆ ಒಂದೇ ಸಮ ತುಳಿಯುವ ತಾಳ್ಮೆ ಸಾಕು. ಈ ರೇಸಿನಲ್ಲಿ ಪ್ರತಿ ತಿರುವಿಗೂ ಹೊಸ ಓಟ. ಅದನ್ನು ಅಭ್ಯಾಸ ಮಾಡೋಣ ಅಂದರೆ ಹಂಪ್ ಇಲ್ಲದ ರಸ್ತೆ ಎಲ್ಲಿದೆ? ಇದ್ದರೂ ಅಲ್ಲಿ ದನ ಮಲಗಿರುತ್ತದೆ. ಸೋಮವಾರ ಬೆಳಿಗ್ಗೆ ಪಕ್ಕದ ಮನೆ ಅಂಕಲ್ ಗೇಟಿನಲ್ಲೇ ನಿಂತಿರುತ್ತಾರೆ, 'ಕಪ್ ಎಲ್ಲಪ್ಪ?'