ಹಾಸನದ ಸಾವುಗಳಿಗೆ ಕಾರಣ ಹುಡುಕುವ ಮುಂಚೆ

2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ 40 ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನುವ ಸುದ್ದಿ ಟಿವಿಯಲ್ಲಿ ದಿನಾ ಓಡುತ್ತಿದ್ದಾಗ ಶುರುವಾದ ಒಂದು ಮಾತು ಇನ್ನೂ ನಿಂತಿಲ್ಲ: ‘ಆಸ್ಪತ್ರೆಗಳ ಡೇಟಾ ಎಲ್ಲ ಒಟ್ಟು ಹಾಕಿ ಎಐಗೆ ಕೊಡಿ, ಕಾರಣ ಅದೇ ಹೇಳುತ್ತೆ.’ ಹೀಗೆ ಹೇಳುವವರ ಕಾಳಜಿ ನಿಜವಾದದ್ದೇ. ಆದರೆ ಎಐ ಕಾರಣ ಹೇಳುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಲೆಕ್ಕ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ 6ರಿಂದ 7 ಸಾವು ಅಂತ ಹಿಡಿದರೆ, ಯಾವ ಹೊಸ ಕಾಯಿಲೆ ಬರದೆ ಇದ್ದರೂ 40 ದಿನದಲ್ಲಿ ಸುಮಾರು 1,200 ಸಾವು ಆಗುತ್ತವೆ. ಅದರಲ್ಲಿ ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯದು ಅಂದುಕೊಂಡರೆ 300. ಸುದ್ದಿಯಾಗಿದ್ದು ಇಪ್ಪತ್ತು ಚಿಲ್ಲರೆ. ವಯಸ್ಸು ಚಿಕ್ಕದು, ಸಾವು ದಿಢೀರ್, ಸಿಸಿಟಿವಿ ದೃಶ್ಯ ಸಿಕ್ಕಿದೆ ಅನ್ನುವ ಕಾರಣಕ್ಕೆ ಆಯ್ದು ಬಂದ ಸಾವುಗಳು ಅವು. ಸಣ್ಣ ವಯಸ್ಸಿನವರ ಸಾವು ಹೆಚ್ಚಾಗಿದೆಯೇ ಅಂತ ತಿಳಿಯಬೇಕಾದರೆ ಇದೇ ಜಿಲ್ಲೆಯ ಅದೇ ವಯಸ್ಸಿನವರ ಹಿಂದಿನ ವರ್ಷಗಳ ಅದೇ ತಿಂಗಳ ಸಂಖ್ಯೆ ಪಕ್ಕಕ್ಕೆ ಬೇಕು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಎಣಿಸುವ ಹಂತದಲ್ಲೇ ಆರರಲ್ಲಿ ಒಂದು ತಪ್ಪಿದರೆ, ಆ ಪಟ್ಟಿಯ ಮೇಲೆ ತರಬೇತಿ ಪಡೆದ ಎಐ ಮಾಡೆಲ್ ಆ ತಪ್ಪನ್ನೂ ಕಲಿತಿರುತ್ತದೆ.

ಇನ್ನು ಆಸ್ಪತ್ರೆಯ ಡೇಟಾ. ಸುದ್ದಿ ಹಬ್ಬಿದ ಮೇಲೆ ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಜನ ಬೆಳಗಿನ ಜಾವದಿಂದ ಸಾಲುಗಟ್ಟಿದರು. ಬಂದವರು ಯಾರು? ಹೆದರಿದವರು, ಬಸ್ಸಿಗೆ ದುಡ್ಡಿದ್ದವರು, ಒಂದು ದಿನದ ಕೂಲಿ ಬಿಡಬಲ್ಲವರು. ತೋಟದ ಲೈನ್ ಮನೆಯಲ್ಲೇ ಸತ್ತವರು ಆ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಜುಲೈ ತಿಂಗಳ ಡೇಟಾದಲ್ಲಿ ಎದೆನೋವು ಹೇಳಿಕೊಂಡವರು ಏರಿದ್ದು ಕಾಣಿಸಬಹುದು, ಅವರಲ್ಲಿ ನಿಜವಾದ ಹೃದಯಾಘಾತದ ಪ್ರಮಾಣ ಇಳಿದಂತೆಯೂ ಕಾಣಿಸಬಹುದು. ಎರಡಕ್ಕೂ ಕಾರಣ ಭಯವೇ ಇರಬಹುದು. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿದರೆ ಸಂಬಂಧವೇ ಇಲ್ಲದ ಎರಡು ಸಂಗತಿಗಳು ನೆಂಟರಂತೆ ಕಾಣುತ್ತವೆ ಅಂತ ಸಂಖ್ಯಾಶಾಸ್ತ್ರಜ್ಞ ಬರ್ಕ್‌ಸನ್ 1946ರಲ್ಲೇ ತೋರಿಸಿದ್ದಾರೆ. ಅಲ್ಗಾರಿದಮ್ ಎಷ್ಟೇ ಹೊಸದಾದರೂ ಈ ತೊಂದರೆ ಹೋಗುವುದಿಲ್ಲ.

ಮುನ್ಸೂಚನೆಯೇ ಬೇರೆ, ಕಾರಣವೇ ಬೇರೆ ಅನ್ನುವುದಕ್ಕೆ ಅಮೆರಿಕದ ನ್ಯುಮೋನಿಯಾ ಮಾಡೆಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಂಪ್ಯೂಟರ್ ವಿಜ್ಞಾನಿ ಕರುವಾನಾ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದ್ದು ಇದು: ಆಸ್ತಮಾ ಇರುವವರು ನ್ಯುಮೋನಿಯಾದಲ್ಲಿ ಸಾಯುವ ಅಪಾಯ ಕಡಿಮೆ ಅಂತ ಮಾಡೆಲ್ ಕಲಿತಿತ್ತು. ಡೇಟಾದಲ್ಲಿ ಅದು ನಿಜವೇ ಆಗಿತ್ತು, ಯಾಕೆಂದರೆ ಆಸ್ತಮಾ ರೋಗಿಗಳನ್ನು ನೇರ ಐಸಿಯುಗೆ ಹಾಕಿ ಉಳಿಸಿಕೊಳ್ಳುತ್ತಿದ್ದರು. ಆ ಮಾಡೆಲ್ ಮಾತು ಕೇಳಿ ಅವರನ್ನು ಮನೆಗೆ ಕಳಿಸಿದ್ದರೆ ಗತಿಯೇನು? ನಮ್ಮಲ್ಲೂ ‘ಟ್ರೋಪೋನಿನ್ ಟೆಸ್ಟ್ ಮಾಡಿಸಿದ್ದಾರೆ’ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಅಂತ ನೋಡುವ ರಕ್ತಪರೀಕ್ಷೆ) ಅನ್ನುವ ಕಾಲಂ ಸಾವನ್ನು ಚೆನ್ನಾಗಿ ಊಹಿಸಬಹುದು. ಟೆಸ್ಟ್ ಸಾಯಿಸುತ್ತಿಲ್ಲ, ಡಾಕ್ಟರಿಗೆ ಬಂದ ಅನುಮಾನ ಆ ಕಾಲಂನಲ್ಲಿ ಕೂತಿದೆ. ಮಾಡೆಲ್ ಊಹೆಯಲ್ಲಿ ಯಾವ ಅಂಶಕ್ಕೆ ಎಷ್ಟು ಪಾಲು ಅಂತ ತೋರಿಸುವ ಶ್ಯಾಪ್ (SHAP) ಚಿತ್ರದಲ್ಲಿ ಮೇಲೆ ಬಂದದ್ದನ್ನೆಲ್ಲ ‘ಕಾರಣ’ ಅಂತ ವರದಿಯಲ್ಲಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ.

ಕೋವಿಡ್ ಲಸಿಕೆಯೇ ಈ ಸಾವುಗಳಿಗೆ ಕಾರಣ ಅನ್ನುವ ಮಾತು ಬಂದಾಗಲಂತೂ ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಗಂಟು ಹಾಕಿದ್ದೇ ಹಾಕಿದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 18ರಿಂದ 45 ವರ್ಷದವರ ದಿಢೀರ್ ಸಾವಿನ ಬಗ್ಗೆ 47 ಆಸ್ಪತ್ರೆಗಳ ಮೂಲಕ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು: ಸತ್ತವರು 729, ಅದೇ ವಯಸ್ಸು, ಲಿಂಗ, ನೆರೆಹೊರೆಯ ಬದುಕಿರುವವರು 2,916, ಅಂದರೆ ಒಬ್ಬರಿಗೆ ನಾಲ್ವರು. ಲಸಿಕೆ ಅಪಾಯ ಹೆಚ್ಚಿಸಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ದಿಢೀರ್ ಸಾವು, ಸಾವಿಗೆ 48 ಗಂಟೆ ಮುಂಚೆ ವಿಪರೀತ ಕುಡಿದದ್ದು, ವಿಪರೀತ ದೈಹಿಕ ಶ್ರಮ ಅಪಾಯದ ಜೊತೆ ಕಂಡವು. ಎರಡು ಡೋಸ್ ಪಡೆದವರಲ್ಲಿ ಸಾವಿನ ಆಡ್ಸ್ (ಸಾವು ಆಗುವ, ಆಗದಿರುವ ಸಂಭವಗಳ ಅನುಪಾತ) ಅರ್ಧದಷ್ಟು. ಆದರೆ ‘ಲಸಿಕೆ ದಿಢೀರ್ ಸಾವನ್ನು ಅರ್ಧಕ್ಕೆ ಇಳಿಸಿತು’ ಅಂತ ಇದನ್ನು ಓದುವುದೂ ತಪ್ಪೇ. ಹಾಸಿಗೆ ಹಿಡಿದವರು ಲಸಿಕೆಗೆ ಬರುವುದು ಕಡಿಮೆ, ಆರೋಗ್ಯದ ಕಾಳಜಿ ಇರುವವರು ಬರುವುದು ಜಾಸ್ತಿ. ಸತ್ತವರ ಕುಡಿತದ ಬಗ್ಗೆ ಮನೆಯವರು ಹೇಳುತ್ತಾರೆ, ಬದುಕಿರುವವರು ತಮ್ಮ ಕುಡಿತದ ಬಗ್ಗೆ ತಾವೇ ಹೇಳುತ್ತಾರೆ. ಆ ಎರಡು ಉತ್ತರಗಳ ತೂಕ ಒಂದೇ ಅಲ್ಲ.

ಸರಿಯಾದ ದಾರಿ ಎಲ್ಲಿಂದ ಶುರುವಾಗುತ್ತದೆ ಅನ್ನುವುದಕ್ಕೆ ಚಿಕ್ಕಮಗಳೂರಿನ ಕಡೆಗೆ ಬರುತ್ತೇನೆ. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಹೊಸದಲ್ಲ. ಹಳೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6-9 ತಿಂಗಳಿಗೆ ಬೂಸ್ಟರ್ ಅಂತ ಕೊಡುತ್ತಿದ್ದರು. 2005-2010ರ ಕರ್ನಾಟಕದ ಅಂಕಿಗಳ ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ ಕಂಡಿತು. ಆ ಅಧ್ಯಯನವನ್ನು ದೂರುತ್ತಿಲ್ಲ. ಈಗ ಐಸಿಎಂಆರ್ ಹೊಸ ಲಸಿಕೆಯ ಕೆಲಸದಲ್ಲಿದೆ, ನಾಳೆ ಅದರ ದಾಖಲೆ ಕೈಗೆ ಬಂದಾಗ ಯಾರಾದರೂ ಬೀಳಬಹುದಾದ ಹಳ್ಳ ಯಾವುದು ಅಂತ ತೋರಿಸುತ್ತಿದ್ದೇನೆ.

ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಸೆಪ್ಟೆಂಬರ್‌ನಲ್ಲಿ ಎರಡನೇ ಡೋಸ್ ಆದವರಿಗೆ ಬೂಸ್ಟರ್ ಬರುವುದು ಮಾರ್ಚ್ ಹೊತ್ತಿಗೆ. ಜನವರಿಯಲ್ಲಿ ಜ್ವರ ಬಂದು ಮಲಗಿದವರಿಗೆ ಬೂಸ್ಟರ್ ಸಿಗುವುದೇ ಇಲ್ಲ, ಅವರು ‘ಎರಡು ಡೋಸ್’ ಗುಂಪಿಗೇ ಹೋಗುತ್ತಾರೆ. ಬೂಸ್ಟರ್ ಗುಂಪಿನವರು ಮಾರ್ಚ್‌ವರೆಗೆ ಕಾಯಿಲೆ ಬರದೆ ಉಳಿದವರೇ ಆಗಿರಬೇಕು. ಎಲ್ಲರನ್ನೂ ಸೆಪ್ಟೆಂಬರ್‌ನಿಂದ ಎಣಿಸಿದರೆ ಬೂಸ್ಟರ್‌ನಲ್ಲಿ ನೀರು ತುಂಬಿದ್ದರೂ ಅದು ಕೆಲಸ ಮಾಡಿದಂತೆ ಕಾಣುತ್ತದೆ! ಇದಕ್ಕೆ ಇಮ್ಮಾರ್ಟಲ್ ಟೈಮ್ ಬಯಾಸ್ ಅನ್ನುತ್ತಾರೆ.

ಪರಿಹಾರ ಸಾಂಕ್ರಾಮಿಕ ರೋಗಶಾಸ್ತ್ರ ತಜ್ಞರಾದ ಹರ್ನಾನ್ ಮತ್ತು ರಾಬಿನ್ಸ್ ಹೇಳುವ ಟಾರ್ಗೆಟ್ ಟ್ರಯಲ್: ಮಾಡಲಾಗದ ಟ್ರಯಲ್ (ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ನಡೆಸುವ ಪ್ರಯೋಗ) ಅನ್ನು ಮೊದಲು ಕಾಗದದ ಮೇಲೆ ಬರೆಯುವುದು. ಯಾರು ಅರ್ಹರು, ಯಾವ ಎರಡು ಕ್ರಮಗಳ ಹೋಲಿಕೆ, ಯಾವ ದಿನದಿಂದ ಎಣಿಕೆ, ಎಲ್ಲಿಯವರೆಗೆ, ಯಾವ ಫಲಿತಾಂಶ. ಮಾರ್ಚ್ 1ಕ್ಕೆ ಅರ್ಹರಾಗಿದ್ದು ಕಾಯಿಲೆ ಬಾರದವರಲ್ಲಿ ಆ ದಿನ ಬೂಸ್ಟರ್ ಪಡೆದವರು ಒಂದು ಕಡೆ, ಅಂದು ಪಡೆಯದವರು ಇನ್ನೊಂದು ಕಡೆ, ಇಬ್ಬರಿಗೂ ಎಣಿಕೆ ಒಂದೇ ದಿನದಿಂದ. ಮರುದಿನಕ್ಕೆ ಇನ್ನೊಂದು ಟ್ರಯಲ್, ಹೀಗೆ ದಿನಕ್ಕೊಂದು. ಎರಡು ಗುಂಪಿನ ನಡುವೆ ಹೊಂದಿಸಬೇಕಾದದ್ದು ಆ ದಿನಕ್ಕೆ ಮುಂಚಿನವು: ಕಾಡಿನ ದೂರ, ಊರಿನ ಹತ್ತಿರ ಮಂಗ ಸತ್ತ ವರದಿ, ಹೋದ ವರ್ಷದ ಪ್ರಕರಣ, ವಯಸ್ಸು, ಕೆಲಸ. ಲಸಿಕೆ ಆದ ಮೇಲೆ ದರಗು (ಒಣ ಎಲೆ) ತರಲು ಎಷ್ಟು ಸಲ ಕಾಡಿಗೆ ಹೋದರು ಅನ್ನುವುದನ್ನು ಸೇರಿಸಬೇಡಿ. ಲಸಿಕೆ ಆಯ್ತಲ್ಲ ಅನ್ನುವ ಧೈರ್ಯದಿಂದಲೇ ಹೋಗಿರಬಹುದು. ಅದು ಲಸಿಕೆಯ ಪರಿಣಾಮದ ಒಂದು ಭಾಗ.

ಮಷೀನ್ ಲರ್ನಿಂಗ್ (ಡೇಟಾದಿಂದ ಕಲಿಯುವ ಎಐ) ನಿಜವಾಗಿ ಉಪಯೋಗಕ್ಕೆ ಬರುವುದು ಇಷ್ಟೆಲ್ಲ ಆದ ಮೇಲೆ. ಯಾರು ಲಸಿಕೆ ಪಡೆಯುತ್ತಾರೆ, ಯಾರಿಗೆ ಕಾಯಿಲೆ ಬರುತ್ತದೆ ಅನ್ನುವ ಎರಡು ಸಹಾಯಕ ಅಂದಾಜುಗಳಿಗೆ ರ‍್ಯಾಂಡಮ್ ಫಾರೆಸ್ಟ್, ಬೂಸ್ಟಿಂಗ್‌ನಂಥ ಮಾಡೆಲ್‌ಗಳನ್ನು ಬಳಸಿ, ಟಿಎಂಎಲ್‌ಇ ಅಥವಾ ಡಬಲ್ ಮಷೀನ್ ಲರ್ನಿಂಗ್ (ಆ ಎರಡು ಅಂದಾಜುಗಳನ್ನು ಸೇರಿಸಿ ಲೆಕ್ಕ ಮಾಡುವ ಸಂಖ್ಯಾಶಾಸ್ತ್ರದ ವಿಧಾನಗಳು) ಮೂಲಕ ಪರಿಣಾಮ ಲೆಕ್ಕ ಹಾಕಬಹುದು. ಡೇಟಾ 5 ಭಾಗ ಮಾಡಿ ನಾಲ್ಕರಲ್ಲಿ ಕಲಿಸಿ ಐದನೆಯದರಲ್ಲಿ ಅಂದಾಜಿಸಿ. ಭಾಗ ಮಾಡುವಾಗ ಊರಿನ ಲೆಕ್ಕದಲ್ಲಿ ಮಾಡಿ. ಒಂದೇ ಊರಿನವರು ಎರಡೂ ಕಡೆ ಬಂದರೆ ಮಾಡೆಲ್ ಊರನ್ನೇ ಬಾಯಿಪಾಠ ಮಾಡುತ್ತದೆ. ಲಸಿಕೆ ಪಡೆಯುವ ಸಂಭವದ ಪ್ರಕಾರ ಪ್ರತಿಯೊಬ್ಬರಿಗೂ ತೂಕ ಹಾಕಿದ ಮೇಲೆ ಎರಡು ಗುಂಪಿನ ಸರಾಸರಿ ವ್ಯತ್ಯಾಸ ಪ್ರತಿ ಅಂಶದಲ್ಲೂ 0.1 ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) ಒಳಗೆ ಬಂತೇ ನೋಡಿ. ಲಸಿಕೆ ಪಡೆಯುವ ಸಂಭವ 0.01ರ ಕೆಳಗೋ 0.99ರ ಮೇಲೋ ಗುಂಪುಗಟ್ಟಿದ್ದರೆ ನಿಂತು ಯೋಚಿಸಿ: ಕಡೂರಿನ ಬಯಲಲ್ಲಿ ಆ ಲಸಿಕೆ ಯಾರೂ ಪಡೆಯದಿದ್ದರೆ ಅಲ್ಲಿನವರನ್ನು ಕೊಪ್ಪದವರ ಜೊತೆ ಹೋಲಿಸಲು ಆಧಾರವೇ ಇಲ್ಲ. ಮಾಡೆಲ್ ಮಾತ್ರ ತಕರಾರಿಲ್ಲದೆ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ. ಕೊನೆಗೆ ಅದೇ ಕೋಡ್ ಅನ್ನು ರಸ್ತೆ ಅಪಘಾತದ ಗಾಯದ ಮೇಲೆ ಓಡಿಸಿ. ಲಸಿಕೆ ಅಪಘಾತವನ್ನೂ ‘ತಡೆಯುತ್ತದೆ’ ಅಂತ ಬಂದರೆ ಕಾಣದ ಯಾವುದೋ ಅಂಶ ಒಳಗೆ ಉಳಿದಿದೆ ಅಂತ ಅರ್ಥ.

ಹಾಸನಕ್ಕೆ ವಾಪಸ್. ಇಲ್ಲಿ ಬೇಕಾಗಿರುವುದು ಎಐ ಓಡಿಸುವ ಜಿಪಿಯು ಚಿಪ್ ಅಲ್ಲ. ಮನೆಯಲ್ಲಿ ಆದ ಪ್ರತಿ ದಿಢೀರ್ ಸಾವಿಗೂ ಆದಷ್ಟು ಬೇಗ ತರಬೇತಿ ಪಡೆದವರು ಹೋಗಿ ನಿಗದಿತ ಪ್ರಶ್ನಾವಳಿಯಲ್ಲಿ ವಿವರ ಕೇಳಬೇಕು. ಅದೇ ಬೀದಿಯ ಅದೇ ವಯಸ್ಸಿನ ನಾಲ್ವರಿಗೂ ಅದೇ ಪ್ರಶ್ನೆ ಕೇಳಬೇಕು. ಸತ್ತವರಲ್ಲಿ ಆಟೊ-ಕ್ಯಾಬ್ ಚಾಲಕರೇ ಹೆಚ್ಚು ಅನ್ನುವ ಮುಂಚೆ ಜಿಲ್ಲೆಯಲ್ಲಿ ಆ ವಯಸ್ಸಿನ ಚಾಲಕರು ಎಷ್ಟಿದ್ದಾರೆ ಅಂತ ಸಾರಿಗೆ ಇಲಾಖೆಯ ಪರವಾನಗಿ ದಾಖಲೆಯಿಂದ ತೆಗೆಯಬೇಕು. ಹಾಗೆಯೇ ಮರಣ ಕಾರಣದ ಫಾರಂ 4 ಮತ್ತು 4ಎ ತುಂಬುವ ಡಾಕ್ಟರುಗಳಲ್ಲಿ ಒಂದು ವಿನಂತಿ: ‘ಹೃದಯ ಸ್ತಂಭನ’ ಅಂತಷ್ಟೇ ಬರೆದು ಬಿಡಬೇಡಿ. ಸಾಯುವ ಎಲ್ಲರ ಹೃದಯವೂ ನಿಲ್ಲುತ್ತದೆ. ಅದು ನಿಂತದ್ದು ಯಾವುದರಿಂದ, ಅದಕ್ಕೆ ಹಿಂದೆ ಯಾವ ಕಾಯಿಲೆ, ಎಷ್ಟು ಕಾಲದಿಂದ ಅನ್ನುವ ಕೆಳಗಿನ ಸಾಲುಗಳನ್ನೂ ತುಂಬಿ.