ಹಿಮದ ಮೇಲೊಂದು ಖಾತೆ

ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ಕೊಂಡೇ ತೀರುತ್ತೇನೆ ಅಂತ ಟ್ರಂಪ್ ಸಾಹೇಬರು ಹಟ ಹಿಡಿದದ್ದು ಹೊಸದೇನಲ್ಲ. 2019ರಲ್ಲೇ ಅದನ್ನು ದೊಡ್ಡ ರಿಯಲ್ ಎಸ್ಟೇಟ್ ವ್ಯವಹಾರ ಅಂದಿದ್ದರು. ಡೆನ್ಮಾರ್ಕಿನ ಪ್ರಧಾನಿ ‘ಅಸಂಬದ್ಧ’ ಅಂದದ್ದಕ್ಕೆ ಮುನಿಸಿಕೊಂಡು, ಗೊತ್ತಾಗಿದ್ದ ಭೇಟಿಯನ್ನೇ ರದ್ದು ಮಾಡಿದರು. ಹೋಳಿಗೆಗೆ ತುಪ್ಪ ಸಾಲದು ಅಂತ ಬೀಗರ ಮನೆಯಿಂದ ಎದ್ದುಹೋದವರನ್ನು ಕಂಡಿದ್ದೇವೆ. ಹೋಳಿಗೆ ಜೊತೆ ಮನೆಯನ್ನೂ ಬರೆದುಕೊಡಲಿಲ್ಲ ಅಂತ ಎದ್ದುಹೋದವರು ಇವರೊಬ್ಬರೇ.

ಆದರೂ ಸಾಹೇಬರನ್ನು ಒಬ್ಬರನ್ನೇ ಬೈಯಲು ಮನಸ್ಸು ಬಾರದು. ಹೊರಗಿನವರ ಮಟ್ಟಿಗೆ ಆ ನಾಡಿನ ಕಥೆ ಶುರುವಾದದ್ದೇ ಸೈಟಿನ ಜಾಹೀರಾತಿನಿಂದ. ಕೊಲೆ ಮಾಡಿ ಐಸ್‌ಲ್ಯಾಂಡಿನಿಂದ ಗಡೀಪಾರಾದ ಕೆಂಪುಗಡ್ಡದ ಎರಿಕ್ ಮೂರು ವರ್ಷ ಅಲ್ಲಿ ಸುತ್ತಾಡಿದ. ವಾಪಸ್ ಬಂದವನು, ಒಳ್ಳೆಯ ಹೆಸರಿಟ್ಟರೆ ಜನ ಬಂದಾರು ಅಂತ ‘ಹಸಿರುನಾಡು’ ಅಂತ ಹೆಸರಿಟ್ಟ. ನೂರರಲ್ಲಿ ಎಂಬತ್ತು ಪಾಲು ಹಿಮ ಹೊದ್ದ ನೆಲಕ್ಕೆ! 25 ಹಡಗು ಹೊರಟು 14 ಮುಟ್ಟಿದವಂತೆ. ಉಳಿದ ಗಿರಾಕಿಗಳು ಅಡ್ವಾನ್ಸ್ ವಾಪಸ್ ಕೇಳಿದ ದಾಖಲೆಯಿಲ್ಲ.

ಆ ವಸಾಹತಿನ ಕೊನೆಯ ಲಿಖಿತ ಸುದ್ದಿ 1408ರಲ್ಲಿ ಹ್ವಾಲ್ಸಿ ಚರ್ಚಿನಲ್ಲಿ ನಡೆದ ಒಂದು ಮದುವೆ. ಆಮೇಲೆ ಸದ್ದಿಲ್ಲ. ಮುನ್ನೂರು ವರ್ಷ ಕಳೆದ ಮೇಲೆ, 1721ರಲ್ಲಿ, ಹಾನ್ಸ್ ಎಗೆಡೆ ಎಂಬ ಪ್ರಾಟೆಸ್ಟೆಂಟ್ ಪಾದ್ರಿಗೆ ಚಿಂತೆ ಹತ್ತಿತು: ಅಯ್ಯೋ, ನಮ್ಮವರು ಇನ್ನೂ ಹಳೇ ಕ್ಯಾಥೊಲಿಕರಾಗೇ ಉಳಿದುಬಿಟ್ಟಿದ್ದರೆ? ಬದುಕಿದ್ದಾರೋ ಇಲ್ಲವೋ ಆಮೇಲಿನ ಮಾತು. ಹೋಗಿ ನೋಡಿದರೆ ಎರಿಕ್ ಕಡೆಯ ಒಬ್ಬ ನಾರ್ಸ್ ಮನುಷ್ಯನೂ ಇಲ್ಲ, ಇದ್ದದ್ದು ಅಲ್ಲಿನ ಮೂಲನಿವಾಸಿ ಇನ್ಯುಯಿಟ್ ಜನ. ಬಂದದ್ದು ದಂಡವಾಗಬಾರದು ಅಂತ ಅವರನ್ನೇ ತಿದ್ದಲು ಕೂತರು. ‘ಈ ದಿನದ ರೊಟ್ಟಿಯನ್ನು ದಯಪಾಲಿಸು’ ಅಂದರೆ ರೊಟ್ಟಿಯನ್ನೇ ಕಾಣದ ಜನ ಏನಂತ ಕೇಳಿಯಾರು? ಪ್ರಾರ್ಥನೆಯಲ್ಲಿ ರೊಟ್ಟಿ ಹೋಗಿ ಸೀಲ್ ಬಂತಂತೆ. ಇಡೀ ಚರಿತ್ರೆಯಲ್ಲಿ ಅಲ್ಲಿನವರ ಹೊಟ್ಟೆಯನ್ನು ಕೇಳಿ ತೆಗೆದುಕೊಂಡ ತೀರ್ಮಾನ ಬಹುಶಃ ಇದೊಂದೇ.

ಕಾಗದಪತ್ರದ ಕಡೆ ಬಂದರೆ ಇನ್ನೂ ಮಜಾ. 1916ರಲ್ಲಿ ಡೆನ್ಮಾರ್ಕ್ ತನ್ನ ವೆಸ್ಟ್ ಇಂಡೀಸ್ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಆಗ ಅಮೆರಿಕ, ‘ಇಡೀ ಗ್ರೀನ್‌ಲ್ಯಾಂಡ್ ನೀವೇ ಇಟ್ಟುಕೊಳ್ಳಿ, ನಮ್ಮ ತಕರಾರಿಲ್ಲ’ ಅಂತ ಬರೆದುಕೊಟ್ಟಿತು. ಶಾಯಿ ಆರಿ ಮೂವತ್ತೇ ವರ್ಷಕ್ಕೆ, 1946ರಲ್ಲಿ, ಅದೇ ಅಮೆರಿಕ ಹತ್ತು ಕೋಟಿ ಡಾಲರ್ ಬೆಲೆಯ ಚಿನ್ನ ಹಿಡಿದು ಅದೇ ಬಾಗಿಲು ತಟ್ಟಿತು. ಈ ನಡುವೆ ಪೂರ್ವ ಕರಾವಳಿಯ ಮೇಲೆ ನಾರ್ವೆಯ ಕಣ್ಣು ಬಿದ್ದಿತ್ತು. ಖಾಲಿ ಸೈಟಿಗೆ ಬೇಲಿ ಹಾಕುವ ಹಾಗೆ ಡೆನ್ಮಾರ್ಕ್ 1925ರಲ್ಲಿ ಸುಮಾರು 80 ಇನ್ಯುಯಿಟರನ್ನು ಹಡಗು ಹತ್ತಿಸಿ ಇಟ್ಟೊಕ್ಕೊರ್ಟೂರ್ಮಿಟ್ ಎಂಬ ಊರು ಕೂರಿಸಿತು. ಬೇಲಿಗೂಟಕ್ಕೆ ಚಳಿಯಾಗುತ್ತದೆಯೇ ಅಂತ ಯಾರೂ ಕೇಳುವುದಿಲ್ಲವಲ್ಲ. 1933ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಡೆನ್ಮಾರ್ಕಿನ ಕಡೆಗಾಯಿತು.

ಆಮೇಲೆ ಬಂದಿತು ಅಭಿವೃದ್ಧಿ. ನನಗೆ ಬಲು ಪ್ರಿಯವಾದದ್ದು ರಾಜಧಾನಿ ನೂಕ್ ನಗರದ ‘ಬ್ಲಾಕ್ ಪಿ’. ಅರವತ್ತರ ದಶಕದಲ್ಲಿ, ಸಣ್ಣ ಊರುಗಳಲ್ಲಿ ಹಂಚಿಹೋದ ಜನ ಒಂದೆಡೆ ಸೇರಿದರೆ ಆಡಳಿತಕ್ಕೆ ಅನುಕೂಲ ಅಂತ ಐದು ಮಹಡಿಯ ಉದ್ದೋ ಉದ್ದ ಕಟ್ಟಡ ಎದ್ದಿತು. ದೇಶದ ಜನಸಂಖ್ಯೆಯ ನೂರಕ್ಕೊಂದು ಪಾಲು ಆ ಒಂದೇ ಕಟ್ಟಡದಲ್ಲಿ. ನಕ್ಷೆ ಬರೆದವರು ಯುರೋಪಿನ ಸಂಸಾರವನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು. ಹಾಗಾಗಿ ದಪ್ಪ ಚಳಿಯುಡುಪು ತೊಟ್ಟವನು ಬಾಗಿಲಲ್ಲಿ ಅಡ್ಡಡ್ಡ ತಿರುಗಿ ನುಸುಳಬೇಕು. ಮೀನುಗಾರನ ಬಲೆ, ಹಗ್ಗ ಕಪಾಟಿನಲ್ಲಿ ಹಿಡಿಯವು, ಬಾಲ್ಕನಿಯಲ್ಲಿ ನೇತಾಡಬೇಕು. ಬೇಟೆ ಕೊಯ್ಯಲು ಜಾಗವಿಲ್ಲದೆ ಬಾತ್‌ಟಬ್ಬಿನಲ್ಲೇ ಕೊಯ್ದರೆ ರಕ್ತ ಹೆಪ್ಪುಗಟ್ಟಿ ಪೈಪು ಕಟ್ಟುತ್ತಿತ್ತು. ಬಚ್ಚಲ ಮುಂದೆ ಕುಕ್ಕರುಗಾಲಲ್ಲಿ ಕೂತು ಕೊಳವೆಯೊಳಕ್ಕೆ ತಂತಿ ಆಡಿಸುವ ಪ್ಲಂಬರ್ ನನ್ನ ಕಣ್ಣಿಗೆ ಕಟ್ಟುತ್ತಾನೆ. ಯೋಜನಾ ವರದಿಯಲ್ಲಿ ಅವನಿಗೆ ಜಾಗ ಇದ್ದಿರಲಾರದು. 2012ರಲ್ಲಿ ಕಟ್ಟಡವನ್ನು ಕೆಡವಿದರು.

ಇದು ನಗುವ ಭಾಗ. 1953ರ ಮೇ ತಿಂಗಳದ್ದು ಅಲ್ಲ. ಗ್ರೀನ್‌ಲ್ಯಾಂಡಿನಲ್ಲಿದ್ದ ಅಮೆರಿಕದ ಥೂಲೆ ವಾಯುನೆಲೆಗೆ ವಿಮಾನ ಹೊಡೆಯುವ ಫಿರಂಗಿ ಇಡಲು ಜಾಗ ಬೇಕಿತ್ತು. ಅಲ್ಲಿದ್ದ ನೂರಕ್ಕೂ ಹೆಚ್ಚು ಬೇಟೆಗಾರ ಜನಕ್ಕೆ ಕೆಲವೇ ದಿನಗಳ ಗಡುವು ಕೊಟ್ಟು ನೂರು ಕಿಲೋಮೀಟರ್ ಉತ್ತರಕ್ಕೆ ಎಬ್ಬಿಸಿದರು. ಮನೆ ಕಟ್ಟಿ ಮುಗಿಯುವವರೆಗೆ ಡೇರೆಯೇ ಗತಿ. ಅದೇ ಜೂನ್ 5ಕ್ಕೆ ಹೊಸ ಸಂವಿಧಾನ ಬಂದು ಅವರು ಡೆನ್ಮಾರ್ಕಿನ ಸಮಾನ ಪ್ರಜೆಗಳಾಗಲಿದ್ದರು. ಎಬ್ಬಿಸಿದ್ದು ಅದಕ್ಕೆ ಕೆಲವೇ ದಿನ ಮೊದಲು. ‘ತಾವಾಗಿಯೇ ಹೋದರು’ ಅಂತ ಡೆನ್ಮಾರ್ಕ್ ಸರಕಾರ ದಶಕಗಟ್ಟಲೆ ಹೇಳುತ್ತ ಬಂತು. 1999ರಲ್ಲಿ ಕೋರ್ಟು ಆ ಇಡೀ ಸಮುದಾಯಕ್ಕೆ ಕೊಡಿಸಿದ್ದು ಐದು ಲಕ್ಷ ಕ್ರೋನರ್. 1951ರಲ್ಲಿ ‘ಒಳ್ಳೆಯ ಡೇನ್’, ಅಂದರೆ ಡೆನ್ಮಾರ್ಕಿನವರು, ಮಾಡಲೆಂದು ಗ್ರೀನ್‌ಲ್ಯಾಂಡಿನ 22 ಮಕ್ಕಳನ್ನು ಡೆನ್ಮಾರ್ಕಿಗೆ ಒಯ್ದದ್ದಕ್ಕೆ 2020ರಲ್ಲಿ ಕ್ಷಮೆ ಕೇಳುವಾಗ ಬದುಕಿದ್ದವರು ಆರೇ ಮಂದಿ. ಅರವತ್ತು–ಎಪ್ಪತ್ತರ ದಶಕದಲ್ಲಿ ಸಾವಿರಾರು ಹೆಂಗಸರಿಗೆ, ಶಾಲೆಗೆ ಹೋಗುವ ಹುಡುಗಿಯರಿಗೂ, ಎಷ್ಟೋ ಸಲ ಒಂದು ಮಾತು ಕೇಳದೆ ಗರ್ಭ ತಡೆಯುವ ವಂಕಿ ಹಾಕಿದರು. ಅದಕ್ಕೆ ಕ್ಷಮೆ 2025ರಲ್ಲಿ, ಅಮೆರಿಕ ಬೆಲೆ ಕಟ್ಟುತ್ತ ನಿಂತ ವರ್ಷ. ಗಿರಾಕಿ ಬಂದಾಗಲೇ ಮನೆಗೆ ಸುಣ್ಣ ಹೊಡೆಯುವವರ ನೆನಪಾದರೆ ನನ್ನದೇನು ತಪ್ಪು? ಸಾಕು ಸ್ವಾಮಿ. ಬರೆಯಲೂ ಬೇಸರ.

ಕೊಳ್ಳುವವರ ತಂಡಕ್ಕೆ ಒಂದು ಸಣ್ಣ ವಿವರ. ಗ್ರೀನ್‌ಲ್ಯಾಂಡಿನಲ್ಲಿ ನೆಲ ಯಾರ ಸ್ವಂತದ್ದೂ ಅಲ್ಲ. ನೂಕ್‌ನವನು ಮನೆ ಕಟ್ಟಿದರೆ ಗೋಡೆ ಅವನದು, ಸೂರು ಅವನದು. ಅಡಿಯ ನೆಲವನ್ನು ಬಳಸಲಷ್ಟೇ ಪರವಾನಗಿ. ಅಲ್ಲೇ ಹುಟ್ಟಿ ಬೆಳೆದವನೂ ಒಂದು ಅಡಿ ಜಾಗ ಕೊಳ್ಳುವಂತಿಲ್ಲ. ಸಾಹೇಬರಿಗೆ ಇದನ್ನು ಯಾರಾದರೂ ಹೇಳಿರಬಹುದು. ಹೇಳಿದ್ದರೆ, ಎಷ್ಟಾದರೂ ಬಿಲ್ಡರ್ ಅಲ್ಲವೇ, “ಡಾಕ್ಯುಮೆಂಟ್ ಸ್ವಲ್ಪ ತೊಡಕಿದೆ, ಮಾಡಿಸ್ಕೊಳ್ಳೋಣ ಬಿಡಿ” ಅಂದಿರುತ್ತಾರೆ.